‘ಎಲ್ಲರಿಗಾಗಿ’ ಹೋಗಿ ‘ಅನೇಕರಿಗಾಗಿ’ ಬಂದದ್ದೇಕೆ? ಅಮ್ಮನ ಪ್ರಶ್ನೆಗೆ ಉತ್ತರ ಬೇಕಾಗಿದೆ

ಕಾವೇರಿತೀರ
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಊರಿನಲ್ಲಿದ್ದಷ್ಟು ದಿನ ಕಥೋಲಿಕ ಚರ್ಚಿನ ಕನ್ನಡ ಪೂಜೆಗೇ ಹೋಗುತ್ತಿದ್ದರು. ಬೆಂಗಳೂರಿಗೆ ನನ್ನ ಜೊತೆ ಬಂದ ಮೇಲೆ ಮಂಡಿನೋವಿನಿಂದಾಗಿ ದೂರ ಹೋಗಲಾಗದೆ, ಮನೆಯ ಹತ್ತಿರದ ಚರ್ಚಿನ ಬೆಳಗಿನ ಇಂಗ್ಲಿಷ್ ಪೂಜೆಗೆ ಬರುತ್ತಾರೆ. ಅವರ ಬಳಿ 1980ರ ದಶಕದ ಒಂದು ಇಂಗ್ಲಿಷ್ ಪೂಜಾ ಪುಸ್ತಕವಿದೆ. ಅದಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಯಿಂದ ಬೈಂಡ್ ಹಾಕಿ, ಮೇಲೆ ಅಮ್ಮನ ಹೆಸರು ಬರೆದುಕೊಟ್ಟವರು ನನ್ನ ತಂದೆ. ತಂದೆ ಹಿಂದೂ. ಕೊನೆಯವರೆಗೂ ಹಿಂದೂವಾಗಿಯೇ ಇದ್ದರು. ಅಮ್ಮನನ್ನು ಪ್ರತಿ ಭಾನುವಾರ ಸ್ಕೂಟರಿನಲ್ಲಿ ಚರ್ಚಿಗೆ ಬಿಟ್ಟು, ಪೂಜೆ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು.

ಕಳೆದ ಭಾನುವಾರ ಮನೆಗೆ ಬಂದ ಅಮ್ಮ ಆ ಪುಸ್ತಕ ತೆಗೆದು, ಗುರುಗಳು ದ್ರಾಕ್ಷಾರಸದ ಪಾತ್ರೆಯನ್ನೆತ್ತಿ ಹೇಳುವ ಮಾತಿನ ಮೇಲೆ ಬೆರಳಿಟ್ಟು ತೋರಿಸಿದರು. ಪುಸ್ತಕದಲ್ಲಿ ‘ಫಾರ್ ಯೂ ಅಂಡ್ ಫಾರ್ ಆಲ್’ ಎಂದಿದೆ. ಈಗ ಗುರುಗಳು ಹೇಳುವುದು ‘ಫಾರ್ ಯೂ ಅಂಡ್ ಫಾರ್ ಮೆನಿ’. ಆಮೇಲೆ ಕೇಳಿದರು: “ನಿನ್ನಪ್ಪ ಈ ‘ಆಲ್’ನಲ್ಲಿ ಇದ್ದರು. ಈಗಿನ ‘ಮೆನಿ’ಯಲ್ಲಿ ಇದ್ದಾರಾ?”

ನನಗೆ ಉತ್ತರ ಹೊಳೆಯಲಿಲ್ಲ. ಯೇಸುಸ್ವಾಮಿ ಯಾರಿಗಾಗಿ ಪ್ರಾಣ ಕೊಟ್ಟರೆಂಬ ಬಗ್ಗೆ ಧರ್ಮಸಭೆಯ ಬೋಧನೆಯೇ ಬದಲಾಗಿದೆಯೇ? ಬದಲಾಗಿಲ್ಲವೆಂದರೆ ಮಾತನ್ನೇಕೆ ಬದಲಾಯಿಸಿದರು? ತಿಳಿದವರು ದಯವಿಟ್ಟು ವಿವರಿಸಬೇಕು.

ಗುರುಮಠದ ಹಳೆಯ ವಿದ್ಯಾರ್ಥಿ
ಮೊದಲು ಅಮ್ಮನಿಗೆ ಧೈರ್ಯ ಹೇಳಿ, ತಮ್ಮ. ಬೋಧನೆ ಕೂದಲೆಳೆಯಷ್ಟೂ ಬದಲಾಗಿಲ್ಲ. ಕ್ರಿಸ್ತರು ಯಾರಿಗಾಗಿ ಯಾತನೆ ಪಡಲಿಲ್ಲವೋ ಅಂತಹ ಮನುಷ್ಯ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರುವುದಿಲ್ಲ ಎಂದು ಕ್ರಿ.ಶ. 853ರಲ್ಲಿ ಕಿಯೆರ್ಸಿ ಎಂಬಲ್ಲಿ ಸೇರಿದ ಧರ್ಮಾಧ್ಯಕ್ಷರ (ಬಿಷಪ್ಪರ) ಸಭೆ ಹೇಳಿತ್ತು. ಕಥೋಲಿಕ ಧರ್ಮಸಭೆಯ ಈಗಿನ ಧರ್ಮೋಪದೇಶ ಗ್ರಂಥವೂ 605ನೇ ಕಂಡಿಕೆಯಲ್ಲಿ ಆ ಮಾತನ್ನೇ ಎತ್ತಿಕೊಂಡಿದೆ. ಕ್ರಿಸ್ತರು ಎಲ್ಲರಿಗಾಗಿ ಸತ್ತರೆನ್ನುವುದೇ ತಪ್ಪು ಎಂದು ವಾದಿಸಿದ ಯಾನ್ಸೆನ್ ಪಂಥದವರ ಮಾತನ್ನು 1653ರಲ್ಲಿ 10ನೇ ಇನ್ನೊಸೆಂಟ್ ಜಗದ್ಗುರುಗಳು (ಪೋಪ್) ಖಂಡಿಸಿದ್ದಾರೆ.

ಈಗ ಪದದ ವಿಷಯ. ಲ್ಯಾಟಿನ್ ಮೂಲದಲ್ಲಿರುವುದು ‘ಪ್ರೊ ಮುಲ್ತಿಸ್’, ಅಂದರೆ ಅನೇಕರಿಗಾಗಿ. ಜಗತ್ತಿನ ಧರ್ಮಾಧ್ಯಕ್ಷರೆಲ್ಲ 1960ರ ದಶಕದಲ್ಲಿ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯನ್ನು ಜನಭಾಷೆಗಳಿಗೆ ತರುವಾಗ ಇಂಗ್ಲಿಷ್, ಜರ್ಮನ್, ಇಟಾಲಿಯನ್ ಭಾಷಾಂತರಕಾರರು ಅದನ್ನು ‘ಎಲ್ಲರಿಗಾಗಿ’ ಎಂದು ಮಾಡಿದರು. ಹೀಬ್ರೂ ಮತ್ತು ಅರಾಮಿಕ್ ಭಾಷೆಗಳಲ್ಲಿ ‘ಅನೇಕರು’ ಎಂದರೆ ಇಡೀ ಜನಸಮೂಹ ಎಂಬರ್ಥವೂ ಇದೆ ಎಂದು ಯೋವಾಕಿಮ್ ಯೆರೆಮಿಯಾಸ್ ಎಂಬ ಜರ್ಮನ್ ವಿದ್ವಾಂಸರು ತೋರಿಸಿದ್ದು ಅವರಿಗೆ ಆಧಾರವಾಗಿತ್ತು. 2006ರ ಅಕ್ಟೋಬರ್ 17ರಂದು ರೋಮ್‌ನಲ್ಲಿ ಆರಾಧನಾವಿಧಿಯ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಫ್ರಾನ್ಸಿಸ್ ಅರಿಂಜೆ ಅವರು ಎಲ್ಲ ದೇಶಗಳ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಪತ್ರ ಬರೆದು, ‘ಎಲ್ಲರಿಗಾಗಿ’ ಎಂದು ಹೇಳಿ ಅರ್ಪಿಸಿದ ಪೂಜೆಗಳು ಸಿಂಧುವೇ, ಅದರಲ್ಲಿ ಸಂದೇಹವಿಲ್ಲ, ಆದರೆ ಅದು ಅನುವಾದಕ್ಕಿಂತ ವಿವರಣೆಯ ಜಾತಿಗೆ ಸೇರಿದ್ದು, ಇನ್ನು ಮುಂದೆ ಮೂಲದಂತೆಯೇ ಹೇಳಬೇಕು ಎಂದು ತಿಳಿಸಿದರು. 2011ರ ಹೊತ್ತಿಗೆ ಬಳಕೆಗೆ ಬಂದ ಹೊಸ ಇಂಗ್ಲಿಷ್ ಪೂಜಾಗ್ರಂಥ ಅದನ್ನೇ ಪಾಲಿಸಿದೆ.

ಶಿವಮೊಗ್ಗದ ಟೀಚರ್
ಬೋಧನೆ ‘ಎಲ್ಲರಿಗಾಗಿ’ ಎಂದೇ ಇದ್ದರೆ, ಬಲಿಪೀಠದ ಮೇಲೂ ‘ಎಲ್ಲರಿಗಾಗಿ’ ಎನ್ನುವುದರಲ್ಲಿ ತಪ್ಪೇನು? ಪಾಠ ಒಂದು, ಪ್ರಾರ್ಥನೆ ಇನ್ನೊಂದು ಎಂದಾದರೆ ಮಕ್ಕಳಿಗೆ ನಾವು ಧರ್ಮೋಪದೇಶ ತರಗತಿಯಲ್ಲಿ ಏನು ಹೇಳಿಕೊಡಬೇಕು?

ಮೂಲನಿಷ್ಠ
ತಪ್ಪಿದೆ, ಟೀಚರ್. ಗೌರವದಿಂದಲೇ ಹೇಳುತ್ತೇನೆ. ಅದು ಗುರುಗಳ ಮಾತಲ್ಲ, ಭಾಷಾಂತರ ಸಮಿತಿಯ ಮಾತೂ ಅಲ್ಲ, ಪ್ರಭುವಿನ ಬಾಯಿಂದ ಬಂದ ಮಾತು. ಮತ್ತಾಯ 26:28 ಮತ್ತು ಮಾರ್ಕ 14:24 ಎರಡೂ ಗ್ರೀಕಿನಲ್ಲಿ ‘ಅನೇಕರು’ ಎಂದೇ ಹೇಳುತ್ತವೆ. ‘ಎಲ್ಲರು’ ಎನ್ನಲು ಗ್ರೀಕಿನಲ್ಲಿ ಪದವಿರಲಿಲ್ಲವೇ? ಇತ್ತು. 1 ತಿಮೊಥೇಯ 2:6ರಲ್ಲಿ ಸಂತ ಪೌಲರು ಅದನ್ನು ಬಳಸಿಯೇ ಇದ್ದಾರೆ. ಶುಭಸಂದೇಶಕಾರರು ಅನೇಕರು ಎಂದು ಬರೆದಿರುವಾಗ ನಾವು ಅವರ ಕೈ ತಿದ್ದುವುದು ಬೇಡ. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಬಂದ ರೋಮನ್ ಧರ್ಮೋಪದೇಶ ಗ್ರಂಥ ಈ ಪದದ ಬಗ್ಗೆಯೇ ವಿವರವಾಗಿ ಹೇಳಿದೆ. ಪ್ರಭುವಿನ ಯಾತನೆಯ ಬೆಲೆ ಎಲ್ಲರಿಗೂ ಸಾಲುವಂಥದ್ದು, ಆದರೆ ಅದರ ಫಲವನ್ನು ಎಲ್ಲರೂ ಸ್ವೀಕರಿಸುವುದಿಲ್ಲ, ಇಲ್ಲಿನ ಮಾತು ಫಲವನ್ನು ಕುರಿತದ್ದು ಎಂಬುದು ಅದರ ತಾತ್ಪರ್ಯ.

ಶಿವಮೊಗ್ಗದ ಟೀಚರ್
ಹಾಗಾದರೆ ಆ ಅಮ್ಮನ ಭಯ ಸರಿಯಾಯಿತಲ್ಲವೇ? ‘ಎಲ್ಲರೂ ಸ್ವೀಕರಿಸುವುದಿಲ್ಲ’ ಎಂದು ನೀವು ಬರೆದ ವಾಕ್ಯವನ್ನು, ಕಟ್ಟೆಯ ಮೇಲೆ ಕೂತು ಹೆಂಡತಿಗಾಗಿ ಕಾದ ಆ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ಓದಿ.

ಮೂಲನಿಷ್ಠ
ಓದಿದೆ. ಯಾರು ಸ್ವೀಕರಿಸಿದರು, ಯಾರು ಇಲ್ಲ ಎಂದು ನಿರ್ಣಯಿಸುವ ಅಧಿಕಾರ ನನಗಿಲ್ಲ, ಯಾವ ಗುರುಗಳಿಗೂ ಇಲ್ಲ. ಆ ವಾಕ್ಯದಿಂದ ನೋವಾಗಿದ್ದರೆ ಕ್ಷಮೆ ಇರಲಿ. ಎರಡನೇ ವ್ಯಾಟಿಕನ್ ಮಹಾಸಭೆಯೇ ‘ಗೌದಿಯುಂ ಎತ್ ಸ್ಪೆಸ್’ ದಸ್ತಾವೇಜಿನ 22ನೇ ಕಂಡಿಕೆಯಲ್ಲಿ, ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಪವಿತ್ರಾತ್ಮರು ಪ್ರತಿಯೊಬ್ಬ ಮನುಷ್ಯನಿಗೂ ಪಾಸ್ಕ ರಹಸ್ಯದಲ್ಲಿ, ಅಂದರೆ ಕ್ರಿಸ್ತರ ಮರಣ ಪುನರುತ್ಥಾನಗಳಲ್ಲಿ, ಪಾಲುಗೊಳ್ಳುವ ಅವಕಾಶ ಕೊಡುತ್ತಾರೆಂದು ಹೇಳಿದೆ. ಅದನ್ನು ನಾನೂ ನಂಬುತ್ತೇನೆ. ನನ್ನ ವಾದ ಪದದ ಬಗ್ಗೆ ಮಾತ್ರ.

ಮ್ಯೂನಿಕ್‌ನಿಂದ
ಇಲ್ಲಿ ಜರ್ಮನಿಯಲ್ಲಿ ಗುರುಗಳು ಇಂದಿಗೂ ‘ಫ್ಯೂರ್ ಆಲ್ಲೆ’, ಅಂದರೆ ಎಲ್ಲರಿಗಾಗಿ ಎಂದೇ ಹೇಳುತ್ತಾರೆ. 2012ರ ಏಪ್ರಿಲ್ 14ರಂದು ಜಗದ್ಗುರು 16ನೇ ಬೆನೆಡಿಕ್ಟ್ ಜರ್ಮನ್ ಧರ್ಮಾಧ್ಯಕ್ಷರಿಗೆ ಈ ಒಂದು ಪದದ ಬಗ್ಗೆಯೇ ಉದ್ದನೆಯ ಪತ್ರ ಬರೆದರು. ಅದನ್ನು ನಾನು ಜರ್ಮನ್‌ನಲ್ಲಿ ಓದಿದ್ದೇನೆ. ಅವರ ಮಾತಿನಲ್ಲಿ ಗದರಿಕೆ ಇಲ್ಲ. ಸಾಮಾನ್ಯ ವಿಶ್ವಾಸಿ ಏನು ಕೇಳಬಹುದೋ ಅದನ್ನು ಅವರೇ ಮೊದಲು ಕೇಳಿಕೊಳ್ಳುತ್ತಾರೆ: ಕ್ರಿಸ್ತರು ಎಲ್ಲರಿಗಾಗಿ ಸಾಯಲಿಲ್ಲವೇ, ಧರ್ಮಸಭೆ ಬೋಧನೆ ಬದಲಿಸಿತೇ, ಮಹಾಸಭೆಯ ದಾರಿಯನ್ನು ಹಿಂದಕ್ಕೆ ತಿರುಗಿಸುವ ಪ್ರಯತ್ನವೇ ಇದು, ಎಂದು. ಕಾವೇರಿತೀರ ಅವರ ಅಮ್ಮ ಕೇಳಿದ್ದು ಹೆಚ್ಚುಕಡಿಮೆ ಅದೇ ಪ್ರಶ್ನೆ.

ಅವರ ಉತ್ತರದ ಸಾರ ಇಷ್ಟು. ಯೆಶಾಯ 53ರಲ್ಲಿ ದೇವರ ಸೇವಕ ‘ಅನೇಕರ’ ಪಾಪವನ್ನು ಹೊರುತ್ತಾನೆ. ಯೇಸು ಆ ಮಾತನ್ನೇ ಬಳಸಿ ‘ಆ ಸೇವಕ ನಾನೇ’ ಎಂದು ತಿಳಿಸಿದರು. ‘ಎಲ್ಲರು’ ಎಂದು ಬದಲಿಸಿದರೆ ಅರ್ಥಕ್ಕೆ ಕೊರತೆಯಾಗದಿದ್ದರೂ ಯೆಶಾಯನ ಪ್ರತಿಧ್ವನಿ ಕಳೆದುಹೋಗುತ್ತದೆ. ಯೆರೆಮಿಯಾಸ್ ಅವರ ವಾದದ ಮೇಲೆ ಆಗ ಇದ್ದ ವಿದ್ವಾಂಸರ ಒಮ್ಮತ ಆಮೇಲೆ ಉಳಿಯಲಿಲ್ಲವೆಂದೂ ಅವರು ಬರೆದಿದ್ದಾರೆ. ಪದ ಬದಲಿಸುವ ಮೊದಲು ಜನರಿಗೆ ಸರಿಯಾಗಿ ವಿವರಿಸಬೇಕು ಎಂದೂ ಅವರು ಸ್ಪಷ್ಟವಾಗಿ ಕೇಳಿಕೊಂಡಿದ್ದರು. ನಿಮ್ಮ ಚರ್ಚಿನಲ್ಲಿ ಆ ವಿವರಣೆ ನಡೆಯಿತೇ?

ಕಾವೇರಿತೀರ
ನಡೆದಿರಬಹುದು. ಅಮ್ಮ ಆಗ ಊರಿನಲ್ಲಿದ್ದರು. ನಾನು ಪೂಜೆಗೆ ಹೋಗುತ್ತಿದ್ದರೂ ಒಂದು ಪದ ಬದಲಾದದ್ದನ್ನು ಗಮನಿಸಲೇ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ರೋಮ್‌ನಲ್ಲಿರುವ ಸಿಸ್ಟರ್
ಇಟಲಿಯ ಸ್ಥಿತಿಯನ್ನೂ ಕೇಳಿ. ಸಂತ ಪೇತ್ರರ ಮಹಾದೇವಾಲಯದಲ್ಲಿ ಲ್ಯಾಟಿನ್ ಪೂಜೆಯಾದರೆ ‘ಪ್ರೊ ಮುಲ್ತಿಸ್’. ಅಲ್ಲಿಂದ ಹತ್ತು ನಿಮಿಷ ನಡೆದು ಯಾವುದಾದರೂ ಧರ್ಮಕೇಂದ್ರದ ಇಟಾಲಿಯನ್ ಪೂಜೆಗೆ ಹೋದರೆ ‘ಪೆರ್ ತುತ್ತಿ’, ಎಲ್ಲರಿಗಾಗಿ. 2020ರಲ್ಲಿ ಹೊಸ ಇಟಾಲಿಯನ್ ಪೂಜಾಗ್ರಂಥ ಬಂದಾಗಲೂ ಅದನ್ನು ಹಾಗೆಯೇ ಉಳಿಸಿಕೊಂಡರು. ಫ್ರೆಂಚರು ಮೊದಲಿನಿಂದಲೂ ‘ಜನಸಮೂಹಕ್ಕಾಗಿ’ ಎಂಬರ್ಥದ ಪದ ಬಳಸುತ್ತಾರೆ. ಇಷ್ಟೂ ಜನ ಒಂದೇ ಧರ್ಮಸಭೆಯವರೇ.

ಆದರೆ ಅದೇ 2020ರ ಗ್ರಂಥದಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯ ಒಂದು ಸಾಲು ಬದಲಾಯಿತು. ‘ನಮ್ಮನ್ನು ಶೋಧನೆಯೊಳಕ್ಕೆ ಒಯ್ಯಬೇಡಿ’ ಎಂಬರ್ಥದ ಹಳೆಯ ಮಾತಿನ ಜಾಗದಲ್ಲಿ ‘ಶೋಧನೆಯಲ್ಲಿ ನಮ್ಮ ಕೈಬಿಡಬೇಡಿ’ ಎಂಬರ್ಥದ ಮಾತು ಬಂತು. ನಮ್ಮ ಕಾನ್ವೆಂಟಿನಲ್ಲಿ ತೊಂಬತ್ತು ದಾಟಿದ ಸಿಸ್ಟರ್ ಒಬ್ಬರಿದ್ದರು. ಬೇರೆ ಏನೂ ನೆನಪಿರುತ್ತಿರಲಿಲ್ಲ, ಈ ಪ್ರಾರ್ಥನೆ ಮಾತ್ರ ನಾಲಿಗೆಯ ಮೇಲಿತ್ತು. ನಾವೆಲ್ಲ ಹೊಸ ಮಾತು ಹೇಳುವಾಗ ಅವರು ಹಳೆಯದನ್ನೇ ಹೇಳಿ, ತಮ್ಮ ಧ್ವನಿ ಮಾತ್ರ ಬೇರೆಯಾಗಿ ಕೇಳಿಸಿದ್ದಕ್ಕೆ ಗಾಬರಿಯಾಗಿ ನಿಲ್ಲಿಸಿಬಿಡುತ್ತಿದ್ದರು. ಕೊನೆಗೆ ಅವರ ಪಕ್ಕದಲ್ಲಿ ಕೂರುವವರು ಹಳೆಯ ಮಾತನ್ನೇ ಹೇಳುವುದೆಂದು ನಾವು ತೀರ್ಮಾನಿಸಿದೆವು.

ಶಿವಮೊಗ್ಗದ ಟೀಚರ್
ಸಿಸ್ಟರ್, ಇದನ್ನು ಓದಿ ಕಣ್ಣು ತುಂಬಿತು. ಪದ ಬದಲಿಸುವವರು ಮೊದಲು ನೆನೆಯಬೇಕಾದದ್ದು ಅಂತಹವರನ್ನು.

ಮೂಲನಿಷ್ಠ
ಇಲ್ಲಿ ನಾನು ಟೀಚರ್ ಅವರ ಜೊತೆಗಿದ್ದೇನೆ. ಆ ಸಾಲಿನ ಗ್ರೀಕ್ ಕ್ರಿಯಾಪದಕ್ಕೆ ‘ಒಳಕ್ಕೆ ತರು’ ಎಂದೇ ಅರ್ಥ. ‘ಕೈಬಿಡಬೇಡಿ’ ಎಂಬುದು ಸುಂದರವಾದ ಪ್ರಾರ್ಥನೆಯೇ ಇರಬಹುದು, ಆದರೆ ಶುಭಸಂದೇಶದಲ್ಲಿ ಬರೆದಿರುವುದು ಅದಲ್ಲ. ದೇವರು ಯಾರನ್ನೂ ಪಾಪಕ್ಕೆ ಎಳೆಯುವುದಿಲ್ಲ ಎಂದು ಯಾಕೋಬರ ಪತ್ರ 1:13 ಹೇಳಿಯೇ ಇದೆ. ಆ ವಚನದಿಂದ ವಿವರಿಸಬೇಕು, ಪಠ್ಯ ತಿದ್ದಬಾರದು. ಜರ್ಮನ್ ಧರ್ಮಾಧ್ಯಕ್ಷರು 2018ರಲ್ಲಿ ಹಳೆಯ ಮಾತನ್ನೇ ಉಳಿಸಿಕೊಂಡರು. ಈ ವಿಷಯದಲ್ಲಿ ಅವರು ಸರಿ.

ಗುರುಮಠದ ಹಳೆಯ ವಿದ್ಯಾರ್ಥಿ
ಆದರೆ ಫ್ರಾನ್ಸಿನವರು 2017ರ ಆಗಮನ ಕಾಲದಿಂದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳಿಂದ) ಆ ಸಾಲನ್ನು ಬದಲಿಸಿದ್ದಕ್ಕೆ ಬಲವಾದ ಕಾರಣವಿತ್ತು. 1966ರಿಂದ ಅವರು ಹೇಳುತ್ತಿದ್ದ ಮಾತು ‘ನಮ್ಮನ್ನು ಶೋಧನೆಗೆ ಒಪ್ಪಿಸಬೇಡಿ’ ಎಂಬಂತಿತ್ತು, ಅದು ಗ್ರೀಕಿಗಿಂತಲೂ ಕಠಿಣ. ಈಗಿನದು ‘ಶೋಧನೆಯೊಳಕ್ಕೆ ಹೋಗಲು ನಮ್ಮನ್ನು ಬಿಡಬೇಡಿ’ ಎಂಬಂತಿದೆ. ಎಲ್ಲ ಬದಲಾವಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವ್ಯಾಕರಣಪ್ರಿಯೆ
ಈ ಸಾಲಿನ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ನಮ್ಮ ‘ಶೋಧನೆ’ಗೆ ಹುಡುಕುವುದು, ಪರೀಕ್ಷಿಸುವುದು, ಸೋಸಿ ಶುದ್ಧ ಮಾಡುವುದು ಎಂಬ ಅರ್ಥಗಳೆಲ್ಲ ಇವೆ. ಗ್ರೀಕಿನ ‘ಪೆಯ್ರಾಸ್ಮೊಸ್’ ಕೂಡ ಪರೀಕ್ಷೆಯೂ ಹೌದು, ಪ್ರಲೋಭನೆಯೂ ಹೌದು. ಇಂಗ್ಲಿಷಿನ ‘ಟೆಂಪ್ಟೇಶನ್’ ಈಗ ಬರೀ ಪ್ರಲೋಭನೆಯಾಗಿ ಉಳಿದಿದೆ. ಯಾರು ಮೊದಲು ‘ಶೋಧನೆ’ ಎಂದು ಆರಿಸಿದರೋ ಅವರಿಗೆ ನಾನು ಕೈಮುಗಿಯುತ್ತೇನೆ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಗ್ಲಿಷಿನ ‘ಮೆನಿ’ ಎಂದಾಗ ‘ಎಲ್ಲರೂ ಅಲ್ಲ’ ಎಂಬ ನೆರಳು ಥಟ್ಟನೆ ಬೀಳುತ್ತದೆ, ಅಮ್ಮನಿಗೆ ಕೇಳಿಸಿದ್ದು ಅದೇ. ಆದರೆ ಕನ್ನಡದಲ್ಲಿ ನಾವು ‘ಅನೇಕ’ ಎನ್ನುವ ಪದವನ್ನು ಬಿಡಿಸಿ ನೋಡಿ. ನ ಏಕ, ಅನೇಕ. ಒಂದಲ್ಲದ್ದು ಎಂಬುದಷ್ಟೇ ಅದರ ಅರ್ಥ. ಅದರ ಎದುರು ನಿಲ್ಲುವ ಪದ ‘ಏಕ’, ‘ಎಲ್ಲ’ ಅಲ್ಲ. ಯೆಶಾಯನಲ್ಲೂ ಅದೇ ಚಿತ್ರ: ಒಬ್ಬ ಸೇವಕ ಒಂದು ಕಡೆ, ಅನೇಕರು ಇನ್ನೊಂದು ಕಡೆ. ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಸಂತ ಪೌಲರು 18ನೇ ವಚನದಲ್ಲಿ ‘ಎಲ್ಲರು’ ಎಂದವರು, 19ರಲ್ಲಿ ಅದೇ ಜನರನ್ನು ‘ಅನೇಕರು’ ಎನ್ನುತ್ತಾರೆ, ಏಕೆಂದರೆ ಅಲ್ಲಿ ಅವರು ಹೇಳಹೊರಟದ್ದು ‘ಒಬ್ಬನಿಂದ ಅನೇಕರಿಗೆ’ ಎಂಬುದನ್ನು. ಆದ್ದರಿಂದ ‘ಅನೇಕರಿಗಾಗಿ’ ಎಂದರೆ ಕೆಲವರನ್ನು ಹೊರಗಿಟ್ಟು ಎಂದಲ್ಲ, ಒಬ್ಬರು ತಮ್ಮೊಬ್ಬರ ಪ್ರಾಣವನ್ನು ಲೆಕ್ಕವಿಲ್ಲದಷ್ಟು ಜನರಿಗಾಗಿ ಕೊಟ್ಟರು ಎಂದು.

ಶಿವಮೊಗ್ಗದ ಟೀಚರ್
ಅಕ್ಕ, ಪದದ ಹುಟ್ಟು ಹಾಗಿರಬಹುದು, ಬಳಕೆ ಹಾಗಿಲ್ಲ. ‘ಮದುವೆಗೆ ಅನೇಕರು ಬಂದಿದ್ದರು’ ಎಂದರೆ ಬಾರದವರೂ ಇದ್ದಾರೆಂದೇ ನಮ್ಮ ಜನರಿಗೆ ಕೇಳಿಸುತ್ತದೆ. ಚರ್ಚಿನಲ್ಲಿ ಮೊಣಕಾಲೂರಿದವರು ನಿಘಂಟು ಹಿಡಿದುಕೊಂಡು ಕೂತಿರುವುದಿಲ್ಲ.

ವ್ಯಾಕರಣಪ್ರಿಯೆ
ಒಪ್ಪುತ್ತೇನೆ. ‘ಬಹುಜನ’ ಎಂದರೆ ಇನ್ನೂ ಕಷ್ಟ, ಅದು ಇಂದು ಬಹುಸಂಖ್ಯಾತರು ಎಂದೋ ರಾಜಕೀಯದ ಪದವೆಂದೋ ಕೇಳಿಸುತ್ತದೆ. ಫ್ರೆಂಚರಂತೆ ‘ಜನಸಮೂಹ’ ಎಂದರೆ ಹೊರಗಿಟ್ಟ ಭಾವ ಇಲ್ಲ, ಆದರೆ ಸಭೆಯ ವರದಿಯಂತೆ ಕೇಳಿಸುತ್ತದೆ. ಯಾವ ಪದ ತೆಗೆದುಕೊಂಡರೂ ವಿವರಣೆ ಬೇಕೇ ಬೇಕು. ಪ್ರಶ್ನೆ ಇರುವುದು ವಿವರಣೆಯನ್ನು ಎಲ್ಲಿ ಇಡಬೇಕು ಎಂಬುದರಲ್ಲಿ: ಪ್ರಾರ್ಥನೆಯ ಒಳಗೋ, ಗುರುಗಳು ಪೂಜೆಯಲ್ಲಿ ಮಾಡುವ ಪ್ರಬೋಧನೆಯಲ್ಲೋ? ಪ್ರಬೋಧನೆಯಲ್ಲಿ ಎಂಬುದು ನನ್ನ ನಿಲುವು.

ಶಿವಮೊಗ್ಗದ ಟೀಚರ್
ನನ್ನ ನಿಲುವು ಬೇರೆ. 1973ರ ಇಂಗ್ಲಿಷ್ ಪೂಜಾಗ್ರಂಥದಲ್ಲಿ ಮೊದಲು ‘ಫಾರ್ ಆಲ್ ಮೆನ್’ ಎಂದಿತ್ತು. ಹೆಂಗಸರು ಹೊರಗುಳಿದಂತೆ ಕೇಳಿಸುತ್ತದೆಂದು ಆಮೇಲೆ ‘ಮೆನ್’ ತೆಗೆದರು. ಆಗ ಯಾರೂ ‘ಪ್ರಬೋಧನೆಯಲ್ಲಿ ವಿವರಿಸಿಕೊಳ್ಳಿ’ ಎನ್ನಲಿಲ್ಲ. ಕೇಳುವವರ ಕಿವಿಗೂ ಬೆಲೆ ಇದೆ ಎಂದು ಆಗ ಒಪ್ಪಿದ್ದರಲ್ಲ!

ಮೂಲನಿಷ್ಠ
ಆ ‘ಮೆನ್’ ಮೂಲದಲ್ಲಿ ಇರಲಿಲ್ಲ, ಟೀಚರ್. ಭಾಷಾಂತರಕಾರರೇ ಸೇರಿಸಿದ್ದನ್ನು ತೆಗೆಯುವುದು ಮೂಲಕ್ಕೆ ಹತ್ತಿರವಾಗುವುದೇ.

ಕಾವೇರಿತೀರ
ಒಂದು ಅನುಮಾನ. ಇದನ್ನೆಲ್ಲ ತೀರ್ಮಾನಿಸುವವರು ಯಾರು? ನಮ್ಮ ಧರ್ಮಾಧ್ಯಕ್ಷರೋ, ರೋಮ್‌ನವರೋ?

ಗುರುಮಠದ ಹಳೆಯ ವಿದ್ಯಾರ್ಥಿ
ಅರವತ್ತು ವರ್ಷಗಳ ಹಗ್ಗಜಗ್ಗಾಟವೇ ಅದು. 1963ರ ಡಿಸೆಂಬರ್ 4ರಂದು ಮಹಾಸಭೆ ಆರಾಧನಾವಿಧಿಯ ಸಂವಿಧಾನವನ್ನು 2147 ಮತಗಳಿಂದ ಅಂಗೀಕರಿಸಿತು, ವಿರುದ್ಧ ಬಿದ್ದದ್ದು 4 ಮಾತ್ರ. ಜನಭಾಷೆಗೆ ಬಾಗಿಲು ತೆರೆದದ್ದು ಅಲ್ಲಿ. 1969ರ ಮಾರ್ಗಸೂಚಿ ಪದಕ್ಕೆ ಪದ ಇಡುವುದಕ್ಕಿಂತ ಒಟ್ಟು ಅರ್ಥವನ್ನು ಆಯಾ ಜನರ ಭಾಷೆಯಲ್ಲಿ ಹೇಳಬೇಕೆಂದಿತು. 2001ರಲ್ಲಿ ಬಂದ ರೋಮ್‌ನ ಮಾರ್ಗಸೂಚಿ ‘ಲಿತುರ್ಗಿಯಾಂ ಔತೆಂತಿಕಾಂ’ ಅದಕ್ಕೆ ವಿರುದ್ಧವಾಗಿ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಲ್ಯಾಟಿನ್‌ಗೆ ಅಂಟಿಕೊಳ್ಳಬೇಕೆಂದಿತು. ಇಂಗ್ಲಿಷ್ ಬಳಸುವ ದೇಶಗಳ ಧರ್ಮಾಧ್ಯಕ್ಷರ ಮಂಡಳಿಗಳು ಒಪ್ಪಿ ಕಳಿಸಿದ್ದ 1998ರ ಅನುವಾದವೊಂದು ಮರುವರ್ಷವೇ, 2002ರಲ್ಲಿ, ರೋಮ್‌ನಲ್ಲಿ ತಿರಸ್ಕೃತವಾಯಿತು. ವರ್ಷಗಟ್ಟಲೆ ದುಡಿದವರ ಕೆಲಸ ಪೆಟ್ಟಿಗೆ ಸೇರಿತು. 2017ರ ಸೆಪ್ಟೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸ್ ‘ಮಾಗ್ನುಂ ಪ್ರಿನ್ಸಿಪಿಯುಂ’ ಎಂಬ ಆಜ್ಞಾಪತ್ರದ ಮೂಲಕ ಧರ್ಮಸಭೆಯ ಕಾನೂನಿನ 838ನೇ ನಿಯಮವನ್ನು ತಿದ್ದಿ, ಅನುವಾದ ಸಿದ್ಧಪಡಿಸಿ ಅಂಗೀಕರಿಸುವ ಹೊಣೆಯನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗೆ ಹೆಚ್ಚಾಗಿ ಬಿಟ್ಟುಕೊಟ್ಟರು. ದೃಢೀಕರಣ ಮಾತ್ರ ರೋಮ್‌ನದು.

ರೋಮ್‌ನಲ್ಲಿರುವ ಸಿಸ್ಟರ್
ಪೂಜೆಯಲ್ಲಿ ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲಿ, ಸುತರು ಪಿತರೊಂದಿಗೆ ಒಂದೇ ಸತ್ವದವರು ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಈಗ ಬರುವ ‘ಕನ್ಸಬ್‌ಸ್ಟಾನ್ಶಿಯಲ್’ ಬಗ್ಗೆಯೂ ಯಾರಾದರೂ ಬರೆಯಬಹುದೇ? ಫ್ರೆಂಚರು ಕೂಡ 2021ರಿಂದ ‘ಅದೇ ಸ್ವಭಾವದ’ ಎಂಬುದನ್ನು ಬಿಟ್ಟು ಆ ಪದಕ್ಕೇ ಬಂದಿದ್ದಾರೆ.

ಗುರುಮಠದ ಹಳೆಯ ವಿದ್ಯಾರ್ಥಿ
325ರಲ್ಲಿ ನಿಸೇಯ ಮಹಾಸಭೆಯವರು ಅದೇ ಅರ್ಥದಲ್ಲಿ ಗ್ರೀಕಿನಲ್ಲಿ ‘ಹೊಮೊಊಸಿಯೊಸ್’ ಎಂದಾಗ, ಅದು ಬೈಬಲ್ಲಿನಲ್ಲಿ ಇಲ್ಲದ ಪದವೆಂದು ಆಗಲೇ ಆಕ್ಷೇಪಿಸಿದವರಿದ್ದರು. ನನ್ನ ಸ್ವಭಾವವೂ ನಿಮ್ಮ ಸ್ವಭಾವವೂ ಒಂದೇ, ಇಬ್ಬರೂ ಮನುಷ್ಯರು. ಆದರೆ ನಾವು ಇಬ್ಬರು. ಪಿತ ಮತ್ತು ಸುತರು ಹಾಗೆ ಇಬ್ಬರು ದೇವರಲ್ಲ. ‘ಅದೇ ಸ್ವಭಾವ’ ಎಂದರೆ ಈ ವ್ಯತ್ಯಾಸ ನಿಲ್ಲುವುದಿಲ್ಲ. ಇಲ್ಲಿ ಕಠಿಣ ಪದವೇ ಬೇಕಾಗುತ್ತದೆ.

ವ್ಯಾಕರಣಪ್ರಿಯೆ
ಕನ್ನಡದಲ್ಲಿ ‘ದೇವರು’ ಎಂಬ ಪದದ ರೂಪವೇ ಬಹುವಚನ. ಗೌರವಕ್ಕಾಗಿ ಬಂದ ‘ರು’ ಅಂಟಿಕೊಂಡು ಏಕವಚನವೇ ಆಗಿಹೋಯಿತು. ‘ಒಬ್ಬರೇ ದೇವರು’ ಎಂದು ನಾವು ಹೇಳುವಾಗ ಒಂದೂ ಹಲವೂ ಒಂದೇ ಮಾತಿನೊಳಗೆ ಬಂದುಬಿಡುತ್ತವೆ. ಅದನ್ನು ಆಧಾರವಾಗಿಟ್ಟು ತ್ರಿತ್ವವನ್ನು (ಪಿತ, ಸುತ, ಪವಿತ್ರಾತ್ಮ ಒಬ್ಬರೇ ದೇವರು ಎಂಬುದನ್ನು) ಬೋಧಿಸಲಾಗದು, ಆದರೆ ಪ್ರತಿ ಸಲ ಹೇಳುವಾಗ ನನಗೆ ನೆನಪಾಗುತ್ತದೆ.

ಕಾವೇರಿತೀರ
ನಿನ್ನೆ ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. 853ರ ಸಭೆಯ ಮಾತನ್ನು ಎರಡು ಸಲ ಓದಿಸಿದರು. ‘ನ ಏಕ, ಅನೇಕ’ ಎಂದಾಗ ತಲೆಯಾಡಿಸಿದರು. ಟೀಚರ್ ಅವರ ಮದುವೆಯ ಉದಾಹರಣೆ ಓದಿದಾಗ, “ಅವರು ಹೇಳೋದೂ ನಿಜ” ಎಂದರು. ಹಳೆಯ ಸಿಸ್ಟರ್ ವಿಷಯ ಕೇಳಿ ಸುಮ್ಮನಾದರು. ಆಮೇಲೆ, ಮೃತರನ್ನು ಸ್ಮರಿಸುವ ನವೆಂಬರ್ 2ಕ್ಕೆ ನಿನ್ನಪ್ಪನ ಹೆಸರಿಗೆ ಪೂಜೆ ಬರೆಸು ಎಂದರು. ನಾಳೆ ಹೋಗಿ ಬರೆಸುತ್ತೇನೆ.

ಅವರದು ಇನ್ನೊಂದು ಪ್ರಶ್ನೆ ಉಳಿದಿದೆ. ಎಲ್ಲವೂ ಲ್ಯಾಟಿನ್‌ನಲ್ಲಿದ್ದ ಕಾಲದಲ್ಲಿ ಜನರಿಗೆ ಈ ಮಾತು ಕೇಳಿಸುತ್ತಿತ್ತೇ? ಆಗಲೂ ಯಾರಾದರೂ ಹೀಗೆ ಕೇಳಿದ್ದರೇ? ಆ ಕಾಲ ಕಂಡವರು ಇಲ್ಲಿ ಇದ್ದರೆ ತಿಳಿಸಬೇಕು.

ಹಳೆಯ ಪೂಜಾಸಹಾಯಕ
ಕಂಡಿದ್ದೇನೆ, ಮಗಾ. ಇಷ್ಟು ಹೊತ್ತು ಓದುತ್ತಲೇ ಇದ್ದೆ. 1961ರಲ್ಲಿ ನನಗೆ ಹತ್ತು ವರ್ಷ, ನಮ್ಮೂರ ಚರ್ಚಿನಲ್ಲಿ ಪೂಜೆಗೆ ಸಹಾಯ ಮಾಡುತ್ತಿದ್ದೆ. ‘ಎತ್ ಕುಂ ಸ್ಪಿರಿತು ತುವೊ’ ಮುಂತಾದ ಲ್ಯಾಟಿನ್ ಉತ್ತರಗಳನ್ನು ನಮ್ಮ ಉಪದೇಶಿಗಳು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದೆವು. ನೀವು ಚರ್ಚಿಸುತ್ತಿರುವ ಮಾತು ಜನರಿಗೆ ಕೇಳಿಸುತ್ತಿರಲಿಲ್ಲ. ಗುರುಗಳು ಜನರಿಗೆ ಬೆನ್ನು ಮಾಡಿ, ಪಾತ್ರೆಯ ಮೇಲೆ ಬಾಗಿ, ತೀರ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅವರ ಹಿಂದೆ ಮೊಣಕಾಲೂರಿ ಕೂತ ನನಗೂ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಪಾತ್ರೆ ಮೇಲೇರಿದಾಗ ಗಂಟೆ ಬಾರಿಸುವುದು ನನ್ನ ಕೆಲಸ. ಜನ ಗಂಟೆಯ ಸದ್ದಿಗೆ ತಲೆ ಎತ್ತಿ ನೋಡಿ, ಎದೆ ಮುಟ್ಟಿಕೊಳ್ಳುತ್ತಿದ್ದರು.

ಆದರೆ ಆ ಮಾತನ್ನು ನಾನು ಓದಿದ್ದೆ. ಬಲಿಪೀಠದ ಮೇಲೆ ಚೌಕಟ್ಟು ಹಾಕಿದ ಮೂರು ಫಲಕಗಳಿರುತ್ತಿದ್ದವು. ನಡುವಿನ ದೊಡ್ಡದರಲ್ಲಿ ಈ ಮಾತುಗಳು ಉಳಿದ ಅಕ್ಷರಗಳಿಗಿಂತ ದಪ್ಪವಾಗಿ ಅಚ್ಚಾಗಿದ್ದವು. ಶನಿವಾರ ಸಂಜೆ ಅದರ ಗಾಜು ಒರೆಸುವಾಗ ‘ಪ್ರೊ ವೋಬಿಸ್ ಎತ್ ಪ್ರೊ ಮುಲ್ತಿಸ್’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿ, ‘ಮುಲ್ತಿಸ್ ಅಂದರೆ ಏನು?’ ಎಂದು ಉಪದೇಶಿಗಳನ್ನು ಕೇಳಿದೆ. “ಬಹಳ ಜನ ಕಣೋ” ಎಂದರು. “ಎಷ್ಟು ಜನ?” ಎಂದೆ. “ಅದನ್ನು ಗುರುಗಳನ್ನೇ ಕೇಳು” ಎಂದರು. ಗುರುಗಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ನಿನ್ನ ಅಮ್ಮ ಕೇಳಿದ್ದಾರೆ, ಅವರಿಗೆ ನನ್ನ ನಮಸ್ಕಾರ ತಿಳಿಸು.